ರುಡಾಲ್ಫ್ ಡೀಸೆಲ್ ಮತ್ತು ಬಿಳಿ ಹೊಗೆ

ಚಳಿಗಾಲದ ಮುಂಜಾವಿನಲ್ಲಿ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಂದ ತೊಗರಿ ಚೀಲ ಹೇರಿಕೊಂಡು ಕಲಬುರಗಿಗೆ ಹೊರಡುವ ಪಿಕಪ್‌ಗಳನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ. ಎಂಜಿನ್ ತಡವರಿಸುತ್ತದೆ, ಗ್ಯಾರೇಜಿನ ಭಾಷೆಯಲ್ಲಿ ‘ಮಿಸ್ಸಿಂಗ್’ ಹೊಡೆಯುತ್ತದೆ. ಹಿಂದೆ ದಟ್ಟ ಬಿಳಿ ಹೊಗೆ. ಮಾಲೀಕ ಇಂಜೆಕ್ಟರ್ ಬದಲಿಸುತ್ತಾನೆ, ಆಮೇಲೆ ಪಂಪ್. ಸಾಲದ ಕಂತಿಗೆಂದು ಇಟ್ಟ ಹಣ ಕರಗುತ್ತದೆ. ಹೊಗೆ ಮಾತ್ರ ನಿಲ್ಲುವುದಿಲ್ಲ. ಅದರ ಅರ್ಥ ಅಡಗಿರುವುದು ಆ ಎಂಜಿನ್ನಿಗೆ ಹೆಸರಾದವನ ಮೂಲ ಕಲ್ಪನೆಯಲ್ಲಿ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ತಂದೆತಾಯಿ ಜರ್ಮನ್ ಮೂಲದವರು. 1870ರ ಯುದ್ಧದಲ್ಲಿ ಕುಟುಂಬ ಊರು ಬಿಟ್ಟು ಲಂಡನ್ ಸೇರಿತು; ಹನ್ನೆರಡರ ಬಾಲಕನನ್ನು ಆಗ್ಸ್‌ಬರ್ಗ್‌ನ ಬಂಧುಗಳ ಮನೆಗೆ ಕಳುಹಿಸಲಾಯಿತು. ಮ್ಯೂನಿಕ್‌ನಲ್ಲಿ ಶೀತಲೀಕರಣ ತಜ್ಞ ಕಾರ್ಲ್ ಫಾನ್ ಲಿಂಡೆಯ ಶಿಷ್ಯನಾಗಿದ್ದಾಗ, ಉಗಿಯಂತ್ರವು ಕಲ್ಲಿದ್ದಲಿನ ಶಾಖದಲ್ಲಿ ಬಹುಪಾಲನ್ನು ವ್ಯರ್ಥ ಮಾಡುತ್ತದೆಂಬ ಸಂಗತಿ ಆತನನ್ನು ಕಾಡಿತು.

ಆತ ಕಂಡುಕೊಂಡ ಉತ್ತರ ಸರಳ. ಸೈಕಲ್ ಪಂಪ್ ಒತ್ತಿದಾಗ ಅದು ಬಿಸಿಯಾಗುತ್ತದೆ. ಗಾಳಿಯನ್ನು ಇನ್ನೂ ಬಿಗಿಯಾಗಿ ಒತ್ತಿದರೆ ಅದರ ಶಾಖ 500 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಅದರೊಳಗೆ ಸಿಂಪಡಿಸಿದ ಎಣ್ಣೆ ಕಿಡಿಯಿಲ್ಲದೆ ಹೊತ್ತಿಕೊಳ್ಳುತ್ತದೆ. ಆ ಶಾಖ ಸಾಲದಿದ್ದರೆ ಎಣ್ಣೆ ಉರಿಯದೆ ಆವಿಯಾಗಿ ಹೊರಬೀಳುತ್ತದೆ. ಕಣ್ಣುರಿಸುವ ಬಿಳಿ ಹೊಗೆಯೆಂದರೆ ಬಹುಮಟ್ಟಿಗೆ ಇದೇ.

ಆದ್ದರಿಂದ ಬಿಡಿಭಾಗ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಎಂಜಿನ್ ಕಾದ ಮೇಲೆ ಹೊಗೆ ನಿಂತರೆ ಹೀಟರ್ ಪ್ಲಗ್ ಅಥವಾ ಕಂಪ್ರೆಶನ್ ಮೇಲೆ ಅನುಮಾನ. ಕಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಬಂದು, ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಇಂಜೆಕ್ಟರ್ ಬದಲಿಸಿ ಫಲವಿಲ್ಲ. ಯಾವ ಸಿಲಿಂಡರಿನ ಇಂಧನ ತಡೆದರೂ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಅದೇ ರೋಗಿ. ಹಳೆಯ ಮಿಸ್ತ್ರಿಗಳು ಪೈಪಿನ ನಟ್ ಸಡಿಲಿಸಿ ಇದನ್ನು ಪತ್ತೆ ಮಾಡುತ್ತಿದ್ದರು. ಕಾಮನ್ ರೈಲ್ ಎಂಜಿನ್ನಿನಲ್ಲಿ ಒತ್ತಡ ವಾಯುಭಾರದ ಸಾವಿರ ಪಟ್ಟು ದಾಟುವುದರಿಂದ ಹಾಗೆ ಮಾಡುವುದು ಪ್ರಾಣಾಪಾಯ. ಅಲ್ಲಿ ಸ್ಕ್ಯಾನರೇ ಗತಿ.

ಡೀಸೆಲ್‌ನೂ ಒಮ್ಮೆಗೇ ಗೆಲ್ಲಲಿಲ್ಲ. 1893ರ ಆಗಸ್ಟ್‌ನಲ್ಲಿ ಆಗ್ಸ್‌ಬರ್ಗ್‌ನ ಮೊದಲ ಪರೀಕ್ಷೆಯಲ್ಲಿ ಒತ್ತಡ ಅಳೆಯುವ ಉಪಕರಣವೇ ಸಿಡಿಯಿತು. ಎಣ್ಣೆ ತಾನಾಗಿ ಹೊತ್ತುತ್ತದೆಂಬುದು ಮಾತ್ರ ಸಾಬೀತಾಯಿತು. 1897ರಲ್ಲಿ ಪ್ರೊಫೆಸರ್ ಶ್ರೋಟರ್ ನಡೆಸಿದ ಪರೀಕ್ಷೆಯಲ್ಲಿ ದಕ್ಷತೆ ಶೇ 26.2 ತಲುಪಿತು, ಉಗಿಯಂತ್ರಗಳಿಗೆ ಅದು ಕನಸಿನ ಮಾತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥದೊಂದು ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತು. ಶೇಂಗಾ ಬೆಳೆಯುವ ನಮ್ಮ ಸೀಮೆಗೆ ಇದು ಕುತೂಹಲದ ಸಂಗತಿ.

ಸಣ್ಣ ಕುಶಲಕರ್ಮಿಗಳ ಕೈಗೆ ಶಕ್ತಿ ಸಿಗಲೆಂದು ಆಶಿಸಿದವನಿಗೆ ಲೆಕ್ಕದ ಪುಸ್ತಕ ಒಲಿಯಲಿಲ್ಲ. ಪೇಟೆಂಟ್‌ನಿಂದ ಬಂದ ಸಂಪತ್ತು ತಪ್ಪು ಹೂಡಿಕೆಗಳಲ್ಲಿ ಕರಗಿತು. 1913ರ ಸೆಪ್ಟೆಂಬರ್ 29ರ ರಾತ್ರಿ, ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ‘ಡ್ರೆಸ್ಡನ್’ ಹಡಗಿನಿಂದ ಆತ ಕಾಣೆಯಾದ. ದಿನಗಳ ನಂತರ ಸಮುದ್ರದಲ್ಲಿ ಸಿಕ್ಕ ಶವದ ಜೇಬಿನ ವಸ್ತುಗಳನ್ನು ಮಗ ಗುರುತಿಸಿದ. ಆತ್ಮಹತ್ಯೆಯೆಂದೇ ಹೆಚ್ಚಿನವರ ನಂಬಿಕೆ.

ಆತನ ಎಂಜಿನ್ನಿಗೆ ಎಣ್ಣೆ ಊದಲು ಪ್ರತ್ಯೇಕ ಗಾಳಿಯಂತ್ರ ಬೇಕಿತ್ತು. ಅದರ ಭಾರ ರಸ್ತೆ ವಾಹನಕ್ಕೆ ಒಗ್ಗುತ್ತಿರಲಿಲ್ಲ. ಆ ತೊಡಕು ಬಗೆಹರಿದು ಜರ್ಮನಿಯಲ್ಲಿ ಡೀಸೆಲ್ ಲಾರಿಗಳು ಮೈದಳೆದದ್ದು 1923–24ರಲ್ಲಿ. ಹೊರೆ ಹೊತ್ತ ಆ ಲಾರಿಗಳನ್ನು ಕಾಣಲು ಆತ ಉಳಿದಿರಲಿಲ್ಲ.