ಪಕ್ಕವಾದ್ಯದ ನೆಲೆ: ಪಿಟೀಲು ಚೌಡಯ್ಯನವರ ಕಲಿಕೆ ಮತ್ತು ಕಲಾಜೀವನ

ಸಂಗೀತಗಾರರನ್ನು ಕುರಿತ ಬರವಣಿಗೆಗೆ ಕನ್ನಡದಲ್ಲಿ ಗಟ್ಟಿಯಾದ ಒಂದು ಪರಂಪರೆಯಿದೆ. ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’ ಕೃತಿಯಿಂದ ಮೊದಲ್ಗೊಂಡು ವ್ಯಕ್ತಿಚಿತ್ರ, ಜೀವನಚರಿತ್ರೆ, ಅಭಿನಂದನ ಗ್ರಂಥಗಳವರೆಗೆ ಅದು ಹರಡಿಕೊಂಡಿದೆ. ಆದರೆ ಈ ಬರಹಗಳಲ್ಲಿ ಬಹುಪಾಲಿನ ಕೇಂದ್ರದಲ್ಲಿರುವವರು ಹಾಡುಗಾರರು, ವೈಣಿಕರು ಇಲ್ಲವೆ ವಾಗ್ಗೇಯಕಾರರು. ಪಕ್ಕವಾದ್ಯದವರು ಸಾಮಾನ್ಯವಾಗಿ ಕಛೇರಿಯ ವಿವರ ಹೇಳುವಾಗ ಒಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ಇದನ್ನು ಬರೆದವರ ಅವಜ್ಞೆಯೆಂದು ಮಾತ್ರ ತಿಳಿಯಬೇಕಾಗಿಲ್ಲ. ಪಕ್ಕವಾದ್ಯಗಾರನ ಕಲೆ ಇನ್ನೊಬ್ಬರ ಕಲೆಯ ಒಳಗೆ ನಡೆಯುವಂಥದು. ಅದನ್ನು ಬೇರ್ಪಡಿಸಿ ನಿರೂಪಿಸುವ ಪರಿಭಾಷೆಯನ್ನು ನಮ್ಮ ಜೀವನಚರಿತ್ರೆಯ ಪ್ರಕಾರ ಇನ್ನೂ ಪೂರ್ಣವಾಗಿ ರೂಢಿಸಿಕೊಂಡಿಲ್ಲ.

ಈ ಹಿನ್ನೆಲೆಯಲ್ಲಿ ಮೈಸೂರು ಟಿ. ಚೌಡಯ್ಯನವರ ಬದುಕು ವಿಶೇಷ ಗಮನಕ್ಕೆ ಅರ್ಹವಾಗಿದೆ. ಜನಸಾಮಾನ್ಯರ ಬಾಯಲ್ಲಿ ಅವರು ಪಿಟೀಲು ಚೌಡಯ್ಯ. ಊರಿನ ಹೆಸರಿಗಿಂತ ವಾದ್ಯದ ಹೆಸರೇ ಅವರಿಗೆ ಹೆಚ್ಚು ಅಂಟಿಕೊಂಡಿದೆ. ಅವರು ತನಿವಾದನವನ್ನೂ ನುಡಿಸಿದರು, ಕೃತಿಗಳನ್ನೂ ರಚಿಸಿದರು. ಆದರೂ ಅವರ ಕೀರ್ತಿಯ ತಳಹದಿ ಪಕ್ಕವಾದ್ಯವೇ. ಪಕ್ಕವಾದ್ಯವನ್ನು ತೊರೆದು ದೊಡ್ಡವರಾಗುವ ದಾರಿಯನ್ನು ಹಿಡಿಯದೆ, ಆ ಸ್ಥಾನದಲ್ಲಿಯೇ ಉಳಿದು ಅದರ ತೂಕವನ್ನು ಹೆಚ್ಚಿಸಿದ್ದು ಅವರ ಸಾಧನೆ. ಅದು ಹೇಗೆ ಸಾಧ್ಯವಾಯಿತೆಂಬುದನ್ನು ಅವರ ಕಲಿಕೆ ಮತ್ತು ಕಲಾಜೀವನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚೌಡಯ್ಯನವರು 1895ರ ಜನವರಿ 1ರಂದು ತಿರುಮಕೂಡಲು ನರಸೀಪುರದಲ್ಲಿ, ಒಕ್ಕಲಿಗ ಮನೆತನವೊಂದರಲ್ಲಿ ಜನಿಸಿದರು. ಕಾವೇರಿ ಮತ್ತು ಕಪಿಲೆ ಕೂಡುವ ಈ ಕ್ಷೇತ್ರದಲ್ಲಿ ಸ್ಫಟಿಕ ಸರೋವರವೆಂಬ ಗುಪ್ತಜಲವೂ ಸೇರುತ್ತದೆಂಬುದು ಜನರ ನಂಬಿಕೆ. ತ್ರಿಮಕುಟವೆಂಬುದು ಅದೇ ಊರಿನ ಹೆಸರಿನ ಸಂಸ್ಕೃತ ರೂಪ. ಈ ಹೆಸರು ಮುಂದೆ ಚೌಡಯ್ಯನವರ ಬದುಕಿನಲ್ಲಿ ಮತ್ತೊಂದು ಬಗೆಯಲ್ಲಿ ಬರುತ್ತದೆ. ವಂಶಪಾರಂಪರ್ಯವಾಗಿ ಸಂಗೀತವೃತ್ತಿಯಲ್ಲಿದ್ದ ಮನೆತನಗಳಿಗೆ ಹೋಲಿಸಿದರೆ ಚೌಡಯ್ಯನವರ ಪ್ರವೇಶ ಹೊರಗಿನಿಂದ ಆದದ್ದು. ಆದ್ದರಿಂದ ಅವರ ಪಾಲಿಗೆ ಗುರುಮನೆಯೇ ವಿದ್ಯೆಯ ಮನೆತನವೂ ಆಯಿತು.

1910ರ ಸುಮಾರಿಗೆ, ಹದಿನೈದರ ಹರೆಯದಲ್ಲಿ, ಅವರು ಮೈಸೂರು ಆಸ್ಥಾನ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು (1866–1931) ಹಾಡುಗಾರರು. ದಾಸರ ಪದಗಳಿಗೆ ಶಾಸ್ತ್ರೀಯ ಕಛೇರಿಯಲ್ಲಿ ಗೌರವದ ಸ್ಥಾನ ಕಲ್ಪಿಸಿದವರಲ್ಲಿ ಅವರು ಪ್ರಮುಖರು. ಪಿಟೀಲುಗಾರನಾಗಬೇಕಾದ ಶಿಷ್ಯನೊಬ್ಬ ತನ್ನ ಕಲಿಕೆಯ ಮುಖ್ಯ ಭಾಗವನ್ನು ಗಾಯಕರಿಂದ ಪಡೆದನೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಗುರುಕುಲದ ಪಾಠದಲ್ಲಿ ಲಿಖಿತ ಪಠ್ಯಕ್ರಮವಿರಲಿಲ್ಲ, ಅವಧಿಯ ನಿಗದಿಯಿರಲಿಲ್ಲ. ಗುರುವಿನ ಮನೆಯಲ್ಲಿದ್ದು, ಸೇವೆ ಮಾಡುತ್ತ, ಗುರು ಹಾಡಿದ್ದನ್ನು ಕೇಳಿ ಕಂಠಕ್ಕೆ ತಂದುಕೊಂಡು, ಬಳಿಕ ಅದನ್ನು ವಾದ್ಯದಲ್ಲಿ ಹುಡುಕಬೇಕಿತ್ತು. ಕಂಠದಲ್ಲಿ ಉಸಿರು ಮಾಡುವ ಕೆಲಸವನ್ನು ಪಿಟೀಲಿನಲ್ಲಿ ಕಮಾನು ಮಾಡಬೇಕು. ಸಾಹಿತ್ಯದ ಅಕ್ಷರ ಎಲ್ಲಿ ಬೀಳುತ್ತದೆ, ಪದ ಎಲ್ಲಿ ಒಡೆಯಬಾರದು, ಗಮಕ ಯಾವ ಸ್ವರದಿಂದ ಎದ್ದು ಯಾವುದರಲ್ಲಿ ನೆಲೆಸುತ್ತದೆ ಎಂಬ ಅರಿವಿಲ್ಲದವನ ಕಮಾನು ಸಾಹಿತ್ಯವನ್ನು ಕತ್ತರಿಸಿಬಿಡುತ್ತದೆ. ದೇವರನಾಮವನ್ನು ಪದದ ಅರ್ಥಕ್ಕೆ ತಕ್ಕಂತೆ ಹಾಡುತ್ತಿದ್ದ ಗುರುವಿನ ಬಳಿ ಕಲಿತದ್ದರಿಂದ ಚೌಡಯ್ಯನವರಿಗೆ ಈ ಅರಿವು ಅಡಿಪಾಯದಲ್ಲಿಯೇ ದೊರೆಯಿತು. ಗುರುವಿನ ಕಛೇರಿಗಳಿಗೆ ಪಕ್ಕವಾದ್ಯ ನುಡಿಸುವುದೇ ಅವರ ಪರೀಕ್ಷೆಯೂ ಆಗಿತ್ತು.

ಈ ಕಲಿಕೆಯ ಮಹತ್ವ ತಿಳಿಯಬೇಕಾದರೆ ಪಿಟೀಲಿನ ಹಿನ್ನೆಲೆಯನ್ನೂ ಪಕ್ಕವಾದ್ಯದ ಸ್ವರೂಪವನ್ನೂ ಸ್ಥೂಲವಾಗಿ ನೋಡಬೇಕು. ಪಾಶ್ಚಾತ್ಯ ವಾದ್ಯವಾದ ಇದು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕರ್ನಾಟಕ ಸಂಗೀತಕ್ಕೆ ಒಗ್ಗಿಕೊಂಡಿತು. ಮುತ್ತುಸ್ವಾಮಿ ದೀಕ್ಷಿತರ ಸಹೋದರ ಬಾಲುಸ್ವಾಮಿ ದೀಕ್ಷಿತರು ಹಾಗೂ ತಂಜಾವೂರು ಸಹೋದರರಲ್ಲಿ ಒಬ್ಬರಾದ ವಡಿವೇಲು ಅವರ ಹೆಸರುಗಳು ಈ ಸಂದರ್ಭದಲ್ಲಿ ಉಲ್ಲೇಖನೀಯ. ನಿಂತು ನುಡಿಸುವ ವಾದ್ಯ ಇಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ನುಡಿಸುವ ವಾದ್ಯವಾಯಿತು. ಅದರ ತುದಿ ಪಾದದ ಮೇಲೆ ನೆಲೆ ನಿಂತದ್ದರಿಂದ ಎಡಗೈ ಬಿಡುವಾಗಿ ತಂತಿಯ ಉದ್ದಕ್ಕೂ ಜಾರುವ ಸ್ವಾತಂತ್ರ್ಯ ಪಡೆಯಿತು. ತಂತಿಗಳನ್ನು ಷಡ್ಜ ಪಂಚಮಗಳಿಗೆ ಶ್ರುತಿ ಮಾಡಲಾಯಿತು. ಕಂಠದ ಜಾರು, ಕಂಪನಗಳನ್ನು ಹಿಂಬಾಲಿಸಬಲ್ಲ ಶಕ್ತಿಯಿಂದಾಗಿ ಅದು ಹಾಡುಗಾರಿಕೆಯ ಮುಖ್ಯ ಪಕ್ಕವಾದ್ಯವಾಯಿತು. ವೈಣಿಕರ ಊರೆಂದು ಹೆಸರಾದ ಮೈಸೂರಿನಲ್ಲಿ ಪಿಟೀಲಿಗೆ ಅಂಥದೇ ಮನ್ನಣೆ ಗಳಿಸಿಕೊಡುವ ಹೊಣೆ ಚೌಡಯ್ಯನವರ ಪೀಳಿಗೆಯ ಮೇಲೆ ಬಿತ್ತು.

ಪಕ್ಕವಾದ್ಯಗಾರನ ಕೆಲಸವನ್ನು ನಮ್ಮ ಗಮಕ ಪರಂಪರೆಯ ವ್ಯಾಖ್ಯಾನಕಾರನ ಕೆಲಸದೊಂದಿಗೆ ಹೋಲಿಸಬಹುದು. ಗಮಕಿ ಕುಮಾರವ್ಯಾಸನ ಷಟ್ಪದಿಯನ್ನು ವಾಚಿಸಿದ ಬಳಿಕ ವ್ಯಾಖ್ಯಾನಕಾರ ಅದನ್ನು ಬಿಡಿಸಿ, ಬೆಳೆಸಿ, ಮತ್ತೆ ಗಮಕಿಗೆ ಒಪ್ಪಿಸುತ್ತಾನೆ. ಪಿಟೀಲುಗಾರನೂ ಹಾಡುಗಾರ ಆಲಾಪನೆ ಮಾಡುವಾಗ ಅವನ ನೆರಳಿನಂತೆ ನಡೆದು, ಅವನು ನಿಲ್ಲಿಸಿದ ಮೇಲೆ ಅದೇ ರಾಗವನ್ನು ತನ್ನ ತಿಳಿವಳಿಕೆಯಲ್ಲಿ ನಿರೂಪಿಸಬೇಕು. ನೆರವಲು ಹಾಗೂ ಕಲ್ಪನಾಸ್ವರಗಳಲ್ಲಿ ಸರದಿಯಂತೆ ಉತ್ತರ ಕೊಡಬೇಕು. ಆದರೆ ವ್ಯಾಖ್ಯಾನಕಾರನಿಗೆ ಯಾವ ಸಂಧಿ, ಯಾವ ಪದ್ಯವೆಂಬುದು ಮೊದಲೇ ತಿಳಿದಿರುತ್ತದೆ. ಪಿಟೀಲುಗಾರನಿಗೆ ಎಷ್ಟೋ ವೇಳೆ ರಾಗದ ಹೆಸರೂ ತಿಳಿದಿರುವುದಿಲ್ಲ. ಮೊದಲ ಎರಡು ಸಂಚಾರಗಳಲ್ಲಿಯೇ ಅದನ್ನು ಗುರುತಿಸಬೇಕು. ಹೆಚ್ಚು ಹೇಳಿದರೆ ಅತಿಕ್ರಮಣ, ಕಡಿಮೆ ಹೇಳಿದರೆ ಅಸಾಮರ್ಥ್ಯ. ಈ ಎರಡು ಅಂಚುಗಳ ನಡುವಿನ ಕಿರಿದಾದ ಜಾಗವೇ ಅವನ ಕಲೆಯ ಕ್ಷೇತ್ರ.

ಈ ಕಿರಿದಾದ ಜಾಗವನ್ನು ವಿಸ್ತರಿಸುವ ಪ್ರಯತ್ನವಾಗಿ ಚೌಡಯ್ಯನವರ ಏಳು ತಂತಿಯ ಪಿಟೀಲನ್ನು ಅರ್ಥಮಾಡಿಕೊಳ್ಳಬಹುದು. 1920ರ ದಶಕದ ಹೊತ್ತಿಗೆ ಸಂಗೀತ ಅರಮನೆಯ ತೊಟ್ಟಿಯಿಂದ, ಶ್ರೀಮಂತರ ಹಜಾರದಿಂದ ಸಾರ್ವಜನಿಕ ಸಭೆಗಳಿಗೆ ಸಾಗುತ್ತಿತ್ತು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರೇ ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರ ಈ ಬದಲಾವಣೆಯ ಒಂದು ನಿದರ್ಶನ. ಕೇಳುಗರ ಸಂಖ್ಯೆ ಹೆಚ್ಚಿತು, ಆದರೆ ಧ್ವನಿವರ್ಧಕ ಇನ್ನೂ ಬಳಕೆಗೆ ಬಂದಿರಲಿಲ್ಲ. ಘನವಾದ ಶಾರೀರದ ಗಾಯಕ, ಅತ್ತ ಮೃದಂಗ. ಇವೆರಡರ ನಡುವೆ ನಾಲ್ಕು ತಂತಿಯ ಪಿಟೀಲಿನ ನಾದ ಹಿಂದಿನ ಸಾಲಿಗೆ ತಲಪುತ್ತಿರಲಿಲ್ಲ. ಚೌಡಯ್ಯನವರು ಮೂರು ತಂತಿಗಳಿಗೆ ಜೊತೆತಂತಿಗಳನ್ನು ಸೇರಿಸಿ, ಒಂದೇ ಕಮಾನಿನ ಎಳೆತದಲ್ಲಿ ಎರಡೂ ನುಡಿಯುವಂತೆ ಮಾಡಿದರು. ನಾದಕ್ಕೆ ಗಾತ್ರವೂ ಗಾಂಭೀರ್ಯವೂ ಬಂದವು. ಜೋಡಿತಂತಿಗಳು ಕೂದಲೆಳೆಯಷ್ಟೂ ಶ್ರುತಿ ತಪ್ಪದಂತೆ ನೋಡಿಕೊಳ್ಳುವುದು, ಎರಡನ್ನೂ ಒಂದೇ ಬೆರಳಿನಲ್ಲಿ ಒತ್ತಿ ಗಮಕ ಹೊರಡಿಸುವುದು ಕಠಿಣ ಅಭ್ಯಾಸವನ್ನು ಬೇಡುವ ಕೆಲಸ. ಮಾರ್ಪಾಟು ವಾದ್ಯದಲ್ಲಿ ಕಂಡರೂ ಅದರ ಹಿಂದಿದ್ದ ಪ್ರಶ್ನೆ ಸ್ಥಾನಮಾನಕ್ಕೆ ಸಂಬಂಧಿಸಿದ್ದು. ಕೇಳಿಸದ ವ್ಯಾಖ್ಯಾನಕಾರ ಎಷ್ಟು ವಿದ್ವಾಂಸನಾಗಿದ್ದರೂ ಸಭೆಗೆ ಅವನು ಇಲ್ಲದವನೇ.

ಈ ನಾದ ತಮಿಳು ಪ್ರದೇಶದ ಸಭೆಗಳಲ್ಲಿಯೂ ಮನ್ನಣೆ ಪಡೆಯಿತು. ದ್ವಾರಂ ವೆಂಕಟಸ್ವಾಮಿ ನಾಯ್ಡು (1893–1964), ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೈ (1898–1970) ಮತ್ತು ಚೌಡಯ್ಯ, ಈ ಮೂವರನ್ನು ಆ ಕಾಲದ ಪಿಟೀಲು ತ್ರಿಮೂರ್ತಿಗಳೆಂದು ಪರಿಗಣಿಸಲಾಗುತ್ತದೆ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್, ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಮೊದಲಾದ ಪ್ರಮುಖ ಗಾಯಕರಿಗೆ ಚೌಡಯ್ಯನವರು ಪಕ್ಕವಾದ್ಯ ನುಡಿಸಿದರು. ಆದರೆ ರಸಿಕರ ನೆನಪಿನಲ್ಲಿ ಬಹುವಾಗಿ ಉಳಿದಿರುವುದು ಚೆಂಬೈ ವೈದ್ಯನಾಥ ಭಾಗವತರ ಹಾಡುಗಾರಿಕೆ, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಸೇರಿದ ಮೇಳ. ಚೆಂಬೈ ಅವರದು ತುಂಬು ಕಂಠ. ಅದಕ್ಕೆ ಸರಿದೊರೆಯಾಗಿ ನಿಲ್ಲುವ ನಾದ ಏಳು ತಂತಿಗಳಿಂದ ಬರುತ್ತಿತ್ತು. ಗಾಯಕ ಮುಖ್ಯ, ಉಳಿದವರು ಪಕ್ಕ ಎಂಬ ಶ್ರೇಣಿ ಹೊರನೋಟಕ್ಕೆ ಉಳಿದಿದ್ದರೂ ಇಂಥ ಕಛೇರಿಗಳನ್ನು ಮೂವರ ಸಂವಾದವೆಂದು ಕೇಳುವ ಅಭ್ಯಾಸ ಕೇಳುಗರಲ್ಲಿ ಬೆಳೆಯಿತು.

ಸಂಸ್ಥೆಗಳ ಮನ್ನಣೆಯಲ್ಲಿ ಈ ಬದಲಾವಣೆ ನಿಧಾನವಾಗಿ ಕಾಣಿಸಿಕೊಂಡಿತು. ಮದ್ರಾಸಿನ ಸಂಗೀತ ಅಕಾಡೆಮಿಯ ವಾರ್ಷಿಕ ಸಮ್ಮೇಳನದ ಅಧ್ಯಕ್ಷತೆಗೂ ಅದರೊಂದಿಗೆ ಸಲ್ಲುವ ಸಂಗೀತ ಕಲಾನಿಧಿ ಬಿರುದಿಗೂ ಪಿಟೀಲುಗಾರರಲ್ಲಿ ದ್ವಾರಂ ಅವರು 1941ರಲ್ಲಿ, ರಾಜಮಾಣಿಕ್ಕಂ ಪಿಳ್ಳೈ 1948ರಲ್ಲಿ, ಚೌಡಯ್ಯನವರು 1957ರಲ್ಲಿ ಪಾತ್ರರಾದರು. ಮೃದಂಗ ವಾದಕರೊಬ್ಬರಿಗೆ, ಅಂದರೆ ಮಣಿ ಅಯ್ಯರ್ ಅವರಿಗೆ, ಅದೇ ಗೌರವ ಸಂದದ್ದು 1966ರಲ್ಲಿ. ಪಕ್ಕವಾದ್ಯಗಳ ನಡುವೆಯೂ ಒಂದು ಶ್ರೇಣೀಕರಣ ಇತ್ತೆಂಬುದಕ್ಕೆ ಈ ವರ್ಷಗಳೇ ಸಾಕ್ಷಿ.

ಮೈಸೂರು ಆಸ್ಥಾನ ವಿದ್ವಾಂಸರಾಗಿದ್ದ ಚೌಡಯ್ಯನವರು ಕಛೇರಿಯ ಆಚೆಗೂ ತಮ್ಮ ಶಕ್ತಿಯನ್ನು ವಿನಿಯೋಗಿಸಿದರು. ಗುರುವಿನ ನಂತರ ಸೀತಾರಾಮ ಮಂದಿರದ ಸಂಗೀತ ಪರಂಪರೆ ಮುಂದುವರಿಯುವುದರಲ್ಲಿ ಅವರ ಪಾಲು ದೊಡ್ಡದು. ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿ, ಗುರುಕುಲದಲ್ಲಿ ಬೆಳೆದ ತಾವೇ ಶಾಲಾಪದ್ಧತಿಯ ಕಲಿಕೆಗೆ ಬಾಗಿಲು ತೆರೆದರು. 1943ರಲ್ಲಿ ತೆರೆ ಕಂಡ ‘ವಾಣಿ’ ಕನ್ನಡ ಚಿತ್ರದ ನಿರ್ಮಾಣಕ್ಕೆ ಕೈಹಾಕಿದರು. ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ, ಪಂಡರಿಬಾಯಿಯವರು ಚಿತ್ರರಂಗ ಪ್ರವೇಶಿಸಿದ ಈ ಚಿತ್ರದಲ್ಲಿ ಚೆಂಬೈ, ಚೌಡಯ್ಯ, ಮಣಿ ಅಯ್ಯರ್ ಅವರ ಕಛೇರಿಯ ದೃಶ್ಯವಿದೆ. ಆ ತಲೆಮಾರಿನ ಕಲಾವಿದರು ಕುಳಿತ ಭಂಗಿ, ಪರಸ್ಪರ ನೋಟ, ಸನ್ನೆಗಳನ್ನು ಧ್ವನಿಮುದ್ರಿಕೆ ತೋರಿಸಲಾರದು. ಆದ್ದರಿಂದ ಈ ದೃಶ್ಯ ಸಂಗೀತ ಚರಿತ್ರೆಯ ಆಕರವೂ ಹೌದು.

ಚೌಡಯ್ಯನವರು ಕೃತಿಗಳನ್ನು ರಚಿಸಿದಾಗ ಇಟ್ಟುಕೊಂಡ ಅಂಕಿತ ‘ತ್ರಿಮಕುಟ’. ವಚನ ಮತ್ತು ದಾಸ ಸಾಹಿತ್ಯದ ಓದುಗರಿಗೆ ಅಂಕಿತದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕವಾದ್ಯದ ಕಲೆಗೆ ಅಂಕಿತವಿಲ್ಲ. ಚೆಂಬೈ ಅವರ ಕಛೇರಿಯಲ್ಲಿ ಚೌಡಯ್ಯನವರು ನಿರೂಪಿಸಿದ ತೋಡಿ ಚೆಂಬೈ ಅವರ ಕಛೇರಿಯ ತೋಡಿಯೇ ಆಗುತ್ತದೆ. ಬದುಕಿನ ಬಹುಭಾಗವನ್ನು ಅಂಕಿತವಿಲ್ಲದ ಕಲೆಗೆ ಕೊಟ್ಟವರು ರಚನೆಗೆ ತೊಡಗಿದಾಗ ತಮ್ಮ ಹೆಸರನ್ನು ಇರಿಸದೆ ಹುಟ್ಟೂರಿನ ಹೆಸರನ್ನು ಇರಿಸಿದರು.

ಚೌಡಯ್ಯನವರು 1967ರ ಜನವರಿ 19ರಂದು ನಿಧನರಾದರು. ಕರ್ನಾಟಕ ಸಂಗೀತ ಕಛೇರಿಗೆ ಈಗಿನ ಸ್ವರೂಪ ಕೊಟ್ಟವರೆಂದು ಹೆಸರಾದ ಅರಿಯಕ್ಕುಡಿಯವರೂ ನಾಲ್ಕು ದಿನಗಳ ಬಳಿಕ ತೀರಿಕೊಂಡರು. ಧ್ವನಿವರ್ಧಕ ಎಲ್ಲೆಡೆ ಬಂದ ಮೇಲೆ ಏಳು ತಂತಿಯ ಪಿಟೀಲಿನ ತುರ್ತು ಕಡಿಮೆಯಾಯಿತು. ರುದ್ರಪಟ್ಟಣದ ಆರ್.ಆರ್. ಕೇಶವಮೂರ್ತಿಯವರಂಥ ವಿದ್ವಾಂಸರು ಅದನ್ನು ನಿಷ್ಠೆಯಿಂದ ಮುಂದುವರಿಸಿದರಾದರೂ ಅದು ಎಲ್ಲರ ವಾದ್ಯವಾಗಲಿಲ್ಲ. 1980ರಲ್ಲಿ ಬೆಂಗಳೂರಿನಲ್ಲಿ ಕೆ.ಕೆ. ಮೂರ್ತಿಯವರ ಆಸಕ್ತಿಯಿಂದ ಪಿಟೀಲಿನ ಆಕಾರದಲ್ಲಿಯೇ ನಿರ್ಮಾಣಗೊಂಡ ಚೌಡಯ್ಯ ಸ್ಮಾರಕ ಭವನ ಅವರ ಹೆಸರನ್ನು ದಿನನಿತ್ಯದ ಮಾತಿನಲ್ಲಿ ಉಳಿಸಿದೆ. ಪಕ್ಕವಾದ್ಯಗಾರರೊಬ್ಬರಿಗೆ ಇಂಥ ಸ್ಮಾರಕ ದೊರೆತದ್ದು ಅಪರೂಪ.

ಆದರೆ ಸ್ಮಾರಕ ಹೆಸರನ್ನು ಉಳಿಸುತ್ತದೆಯೇ ಹೊರತು ಕೆಲಸವನ್ನು ವಿವರಿಸುವುದಿಲ್ಲ. ಆ ವಿವರಣೆ ಸಂಶೋಧನೆಯಿಂದ ಬರಬೇಕು. ಉಳಿದಿರುವ ಧ್ವನಿಮುದ್ರಣಗಳನ್ನು ಗಾಯಕರ ಹೆಸರಿನಿಂದ ಮಾತ್ರ ಸೂಚಿಸುವ ರೂಢಿಯನ್ನು ಬಿಟ್ಟು ಪಕ್ಕವಾದ್ಯದವರ ಹೆಸರಿನಿಂದಲೂ ವರ್ಗೀಕರಿಸುವುದು, ಒಬ್ಬನೇ ಪಿಟೀಲುಗಾರ ಬೇರೆ ಬೇರೆ ಗಾಯಕರೊಂದಿಗೆ ಒಂದೇ ರಾಗವನ್ನು ಹೇಗೆ ನುಡಿಸಿದನೆಂದು ಹೋಲಿಸುವುದು, ಗಮಕ ವ್ಯಾಖ್ಯಾನ, ಹರಿಕಥೆಯ ಹಿಮ್ಮೇಳ, ಯಕ್ಷಗಾನದ ಚೆಂಡೆ ಮದ್ದಳೆಗಳಂಥ ಸಹಕಲೆಗಳೊಂದಿಗೆ ಇದನ್ನು ಇಟ್ಟು ನೋಡುವುದು ಈ ದಿಕ್ಕಿನ ಮೊದಲ ಹೆಜ್ಜೆಗಳಾಗಬಹುದು. ಕನ್ನಡ ಅಧ್ಯಯನ ವಿಭಾಗಗಳು ಇದನ್ನು ಸಂಗೀತ ವಿಭಾಗಗಳಿಗೆ ಸೇರಿದ ವಿಷಯವೆಂದು ಬಿಟ್ಟುಕೊಡಬೇಕಾಗಿಲ್ಲ. ಮುಖ್ಯ ಪಠ್ಯದ ಪಕ್ಕದಲ್ಲಿ ಕುಳಿತು ಅದನ್ನು ಬೆಳೆಸಿದ ಟೀಕಾಕಾರರನ್ನೂ ವ್ಯಾಖ್ಯಾನಕಾರರನ್ನೂ ಅಭ್ಯಾಸ ಮಾಡಿದ ಅನುಭವ ನಮ್ಮ ವಿಭಾಗಗಳಿಗಿದೆ. ಅದೇ ಕಣ್ಣಿನಿಂದ ಚೌಡಯ್ಯನವರ ಪರಂಪರೆಯನ್ನು ನೋಡುವ ಕೆಲಸ ಇನ್ನು ಆಗಬೇಕಾಗಿದೆ.