ಆನ್ಸೆಲ್ ಆಡಮ್ಸ್ ನೋಡಲು ಕಲಿತ ಬಗೆ

ಅಭ್ಯಾಸ ಬೋಧನೆಯ ಎರಡನೆಯ ವಾರ ಎಂಟನೆಯ ತರಗತಿಗೆ ನಿಸರ್ಗಚಿತ್ರದ ಸಂಯೋಜನೆ ಕುರಿತು ಪಾಠ ಮಾಡಿದೆ. ಕಪ್ಪುಹಲಗೆಯ ಮೇಲೆ ಆಯತ ಬರೆದು, ಒಂಬತ್ತು ಮನೆಗಳಾಗಿ ಭಾಗಿಸಿ, ಮುಖ್ಯ ವಸ್ತು ಗೆರೆಗಳು ಕೂಡುವಲ್ಲಿ ಇರಬೇಕು, ದಿಗಂತ ನಟ್ಟನಡುವೆ ಬರಬಾರದು ಎಂದು ಹೇಳಿದೆ. ಆಮೇಲೆ ಅಂಗಳದಲ್ಲಿ ನನ್ನ ಮೊಬೈಲನ್ನು ಮಕ್ಕಳ ಕೈಗೆ ಕೊಟ್ಟೆ. ಅವರು ಇನ್ನೂರಕ್ಕೂ ಹೆಚ್ಚು ಚಿತ್ರ ತೆಗೆದರು. ಹೆಚ್ಚುಕಡಿಮೆ ಎಲ್ಲದರಲ್ಲೂ ಹೊಂಗೆ ಮರ ಸರಿಯಾದ ಮನೆಯಲ್ಲೇ ಇತ್ತು. ಆ ಮರವನ್ನೇ ಏಕೆ ತೆಗೆದಿರಿ ಎಂದು ಕೇಳಿದರೆ ಮಾತ್ರ ಯಾರಲ್ಲೂ ಉತ್ತರವಿರಲಿಲ್ಲ. ಪಾಠ ವೀಕ್ಷಿಸಿದ ಮಾರ್ಗದರ್ಶಕರು ಇದನ್ನೇ ಬರೆದು, ಆನ್ಸೆಲ್ ಆಡಮ್ಸ್ ಅವರ ಜೀವನವನ್ನು ಓದುವಂತೆ ಸೂಚಿಸಿದರು. ಓದಿದಾಗ ನನ್ನ ಪಾಠ ಎಲ್ಲಿ ತಪ್ಪಿತೆಂದು ತಿಳಿಯಿತು.

ಆಡಮ್ಸ್ ಹುಟ್ಟಿದ್ದು 1902ರ ಫೆಬ್ರುವರಿ 20ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. 1906ರ ಭೂಕಂಪದ ನಂತರದ ಕಂಪನವೊಂದರಲ್ಲಿ ತೋಟದ ಗೋಡೆಗೆ ಬಡಿದು ಮಗುವಿನ ಮೂಗು ಮುರಿಯಿತು. ಆ ಸೊಟ್ಟ ಮೂಗು ಕೊನೆತನಕ ಹಾಗೇ ಉಳಿಯಿತು. ಒಂದು ಕಡೆ ಕೂರಲಾಗದ ಹುಡುಗ. ಶಾಲೆಗಳನ್ನು ಬದಲಿಸಿದರೂ ಎಲ್ಲಿಯೂ ಹೊಂದಿಕೊಳ್ಳಲಿಲ್ಲ. ಕೊನೆಗೆ ತಂದೆ ಚಾರ್ಲ್ಸ್ ಅವರು ಶಾಲೆ ಬಿಡಿಸಿ ಮನೆಯಲ್ಲೇ ಪಾಠದ ಏರ್ಪಾಡು ಮಾಡಿದರು. 1915ರಲ್ಲಿ ಊರಿನಲ್ಲಿ ನಡೆದ ಪನಾಮಾ-ಪೆಸಿಫಿಕ್ ಅಂತರರಾಷ್ಟ್ರೀಯ ವಸ್ತುಪ್ರದರ್ಶನಕ್ಕೆ ಇಡೀ ಅವಧಿಯ ಪಾಸು ಕೊಡಿಸಿ, ಅದನ್ನೇ ಮಗನ ಶಾಲೆಯಾಗಿಸಿದರು. ಹುಡುಗ ತಾನಾಗಿಯೇ ಪಿಯಾನೊ ನುಡಿಸಲು ತೊಡಗಿದ್ದ. ಶಿಸ್ತು ಅವನಿಗೆ ಬಂದದ್ದು ಆ ಸಂಗೀತದ ಸಾಧನೆಯಿಂದ.

1916ರಲ್ಲಿ ಮನೆಯವರೆಲ್ಲ ಯೊಸೆಮಿಟಿ ಕಣಿವೆಗೆ ಹೋದಾಗ ಹುಡುಗನ ಕೈಗೆ ಕೊಡಾಕ್ ಬ್ರೌನಿ ಎಂಬ ಪೆಟ್ಟಿಗೆ ಕ್ಯಾಮೆರಾ ಬಂತು. ಹಾಫ್ ಡೋಮ್ ಎಂಬ ಹೆಬ್ಬಂಡೆಯ ಬೆಟ್ಟ ಚೆನ್ನಾಗಿ ಕಾಣಲೆಂದು ಅವನು ಕೊಳೆತ ಮರದ ಬೊಡ್ಡೆ ಹತ್ತಿದ. ಬೊಡ್ಡೆ ಕುಸಿಯಿತು. ತಲೆಕೆಳಗಾಗಿ ಬೀಳುವಾಗ ಗುಂಡಿ ಒತ್ತಿಹೋಗಿ, ಬೆಟ್ಟವೂ ತಲೆಕೆಳಗಾಗಿ ಮೂಡಿತು. ಆ ಚಿತ್ರ ಅವರಿಗೆ ಮುಂದೆಯೂ ಪ್ರಿಯವಾಗಿತ್ತು. ಅಲ್ಲಿಂದಾಚೆ ಅವರು ಪ್ರತಿವರ್ಷ ಯೊಸೆಮಿಟಿಗೆ ಮರಳಿದರು. ಊರಿನಲ್ಲಿ ಫೋಟೊ ತೊಳೆದುಕೊಡುವವರೊಬ್ಬರ ಬಳಿ ದುಡಿದು ಕತ್ತಲೆಕೋಣೆಯ ಕೆಲಸ ಕಲಿತರು.

ಹನ್ನೊಂದು ವರ್ಷಗಳ ನಂತರ, 1927ರ ಏಪ್ರಿಲ್ 10ರಂದು, ಅವರು ಕೆಲವು ಗೆಳೆಯರೊಡನೆ ಅದೇ ಬೆಟ್ಟದ ಎದುರಿನ ಎತ್ತರದ ತಾಣಕ್ಕೆ ಹಿಮದಲ್ಲಿ ಹತ್ತಿದರು. ಮುಂದೆ ಅವರ ಪತ್ನಿಯಾದ ವರ್ಜೀನಿಯಾ ಕೂಡ ಜೊತೆಗಿದ್ದರು. ಬೆನ್ನ ಮೇಲೆ ಭಾರವಾದ ಕ್ಯಾಮೆರಾ, ಹನ್ನೆರಡು ಗಾಜಿನ ಪ್ಲೇಟುಗಳು. ಹಾಫ್ ಡೋಮ್ ಮುಂದೆ ನಿಲ್ಲುವ ಹೊತ್ತಿಗೆ ಉಳಿದದ್ದು ಎರಡೇ. ಮೊದಲನೆಯದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ತೆಗೆದ ಮೇಲೆ ಅನುಮಾನ ಬಂತು: ತಮಗೆ ಕಂಡ ಬಂಡೆಯ ಗಾಂಭೀರ್ಯ ಇದರಲ್ಲಿ ಬರಲಾರದು, ಆಕಾಶ ತೀರಾ ತಿಳಿಯಾಗುತ್ತದೆ. ಕಡುಗೆಂಪು ಫಿಲ್ಟರ್ ನೀಲಿ ಬೆಳಕನ್ನು ತಡೆದು ಆಕಾಶವನ್ನು ಕಪ್ಪಾಗಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದನ್ನು ಹಾಕಿ ಕೊನೆಯ ಪ್ಲೇಟನ್ನೂ ಬಳಸಿದರು. ಬಹುಪಾಲು ಕಪ್ಪಾದ ಆಕಾಶದ ಎದುರು ಕಡಿದಾದ ಬಂಡೆ ನಿಂತ ಆ ಚಿತ್ರ ಅವರಿಗೆ ಹೆಸರು ತಂದಿತು.

ಗುಂಡಿ ಒತ್ತುವ ಮೊದಲೇ, ಅಚ್ಚಾದ ಚಿತ್ರ ಹೇಗಿರಬೇಕೆಂದು ಮನಸ್ಸಿನಲ್ಲಿ ಕಾಣುವ ಈ ಅಭ್ಯಾಸವನ್ನೇ ಅವರು ಮುಂದೆ ಜೀವನವಿಡೀ ಕಲಿಸಿದರು. ಪಿಯಾನೊ ವಾದಕರಾಗುವ ಆಸೆಯನ್ನು 1930ರ ಸುಮಾರಿಗೆ ಬಿಟ್ಟರೂ ಸಂಗೀತ ಅವರನ್ನು ಬಿಡಲಿಲ್ಲ: ನೆಗೆಟಿವನ್ನು ಬರೆದಿಟ್ಟ ಸ್ವರಲಿಪಿಗೂ, ಅಚ್ಚನ್ನು ಕಛೇರಿಗೂ ಹೋಲಿಸುತ್ತಿದ್ದರು.

1941ರಲ್ಲಿ ನ್ಯೂ ಮೆಕ್ಸಿಕೊದ ಹೆರ್ನಾಂಡಿಸ್ ಎಂಬ ಹಳ್ಳಿಯ ಬಳಿ ಸಂಜೆ ಕಾರಿನಲ್ಲಿ ಬರುವಾಗ ಚಂದ್ರೋದಯ ಕಂಡಿತು. ಸ್ಮಶಾನದ ಬಿಳಿ ಶಿಲುಬೆಗಳ ಮೇಲೆ ಇಳಿಬಿಸಿಲಿತ್ತು. ಆತುರದಲ್ಲಿ ಬೆಳಕಿನ ಮಾಪಕ ಸಿಗಲಿಲ್ಲ. ಚಂದ್ರನ ಬೆಳಕಿನ ಪ್ರಮಾಣ ನೆನಪಿನಲ್ಲಿದ್ದುದರಿಂದ ಅದರಿಂದಲೇ ಲೆಕ್ಕ ಹಾಕಿ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಬಿಸಿಲು ಹೋಗಿತ್ತು. ಆ ಚಿತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬರೀ ಕಪ್ಪು ಆಕಾಶ. ಹಳ್ಳಿ ಚಿಕ್ಕದಾಗಿ ಕೆಳಗಿದೆ. ಆ ಖಾಲಿ ಜಾಗದಿಂದಲೇ ಹಳ್ಳಿಯ ಮೌನ ನಮಗೆ ತಿಳಿಯುತ್ತದೆ.

ಶಾಲೆಗೆ ಹೊಂದಿಕೊಳ್ಳದ ಈ ವ್ಯಕ್ತಿ ಒಳ್ಳೆಯ ಶಿಕ್ಷಕರಾದರು. 1940ರಿಂದ ಯೊಸೆಮಿಟಿಯಲ್ಲಿ ಶಿಬಿರಗಳನ್ನು ನಡೆಸಿದರು. 1946ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕಲಾಶಾಲೆಯೊಂದರಲ್ಲಿ ಛಾಯಾಗ್ರಹಣ ವಿಭಾಗವನ್ನು ಆರಂಭಿಸಿದರು. 1984ರ ಏಪ್ರಿಲ್ 22ರಂದು ತೀರಿಕೊಂಡರು.

ಮರುಪಾಠಕ್ಕೆ ನಾನು ಹಳೆಯ ರಟ್ಟಿನಲ್ಲಿ ಅಂಗೈಯಗಲದ ಕಿಂಡಿ ಕತ್ತರಿಸಿ ಚೌಕಟ್ಟುಗಳನ್ನು ಮಾಡಿಕೊಂಡು ಹೋದೆ. ಹತ್ತು ನಿಮಿಷ ಚೌಕಟ್ಟಿನ ಮೂಲಕ ಬರೀ ನೋಡುವುದು, ಏನನ್ನು ತೋರಿಸಬೇಕೆಂದು ಒಂದು ಸಾಲು ಬರೆಯುವುದು, ಆಮೇಲೆ ಗುಂಪಿಗೆ ಎರಡೇ ಚಿತ್ರ. ಹಿಂದಿನ ರಾತ್ರಿ ಮಳೆ ಬಂದು ಅಂಗಳದಲ್ಲಿ ನೀರು ನಿಂತಿತ್ತು. ತರಗತಿಯಲ್ಲಿ ಒಂದು ಗಳಿಗೆ ಕೂರದ ಹುಡುಗನೊಬ್ಬ ಕೆಸರಿನಲ್ಲಿ ಮೊಣಕೈ ಊರಿ ಮಲಗಿದ. ಎರಡು ಗುಡ್ಡ ತೋರಿಸಬೇಕು ಎಂದು ಬರೆದಿದ್ದ. ಅವನ ಚಿತ್ರದಲ್ಲಿ ಮೇಲೆ ಗುಡ್ಡ, ಕೆಳಗೆ ನೀರಿನಲ್ಲಿ ಅದರ ನೆರಳು, ದಿಗಂತ ನಟ್ಟನಡುವೆ. ನಾನು ಕಲಿಸಿದ ನಿಯಮ ಮುರಿದಿತ್ತು, ಆದರೆ ಏಕೆಂದು ಕೇಳಿದಾಗ ಅವನು ತಡವರಿಸದೆ ವಿವರಿಸಿದ. ಒಂಬತ್ತು ಮನೆಗಳ ನಿಯಮವನ್ನು ನಾನು ಈಗಲೂ ಕಲಿಸುತ್ತೇನೆ. ಪಾಠಯೋಜನೆಯಲ್ಲಿ ಅದು ಮೊದಲ ಹಂತದಿಂದ ಕೊನೆಯ ಹಂತಕ್ಕೆ ಹೋಗಿದೆ.