ಕೈಗಾರಿಕೋದ್ಯಮಿ ದಿ. ಶ್ರೀ ಲಕ್ಷ್ಮಣರಾವ್ ಕಿರ್ಲೋಸ್ಕರ್ (1869–1956)

ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಚಿತ್ರಕಲೆಯ ಅಭ್ಯಾಸಕ್ಕಾಗಿ ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರೂ, ಭಾಗಶಃ ವರ್ಣಾಂಧತೆಯ ಕಾರಣ ಚಿತ್ರಕಲೆಯನ್ನು ಕೈಬಿಟ್ಟು ಯಂತ್ರ ನಕ್ಷೆ ರಚನೆಯನ್ನು ಕಲಿತರು. ಅನಂತರ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾಗಿ ಸೇವೆ ಸಲ್ಲಿಸಿದರು.

1888ರಲ್ಲಿ ಬೆಳಗಾವಿಯಲ್ಲಿ ಕಿರ್ಲೋಸ್ಕರ್ ಸಹೋದರರ ಹೆಸರಿನಲ್ಲಿ ಬೈಸಿಕಲ್ ಅಂಗಡಿಯು ಆರಂಭವಾಯಿತು. ಅಣ್ಣ ರಾಮಣ್ಣನವರೊಡನೆ ನಡೆಸಿದ ಈ ಉದ್ಯಮವು ಕ್ರಮೇಣ ಮೇವು ಕತ್ತರಿಸುವ ಯಂತ್ರಗಳ ತಯಾರಿಕೆಗೆ ವಿಸ್ತರಿಸಿತು. 1903ರಲ್ಲಿ ಕಬ್ಬಿಣದ ನೇಗಿಲನ್ನು ತಯಾರಿಸಲಾಯಿತು. ಕಬ್ಬಿಣವು ಮಣ್ಣನ್ನು ಕೆಡಿಸುವುದೆಂದು ರೈತರು ಶಂಕಿಸಿದ್ದರಿಂದ ಮೊದಲ ನೇಗಿಲುಗಳು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು.

ಬೇಡಿಕೆ ಹೆಚ್ಚುತ್ತಿದ್ದ ಹೊತ್ತಿಗೆ ಬೆಳಗಾವಿಯ ಕಾರ್ಖಾನೆಯ ಸ್ಥಳವನ್ನು ತೆರವುಗೊಳಿಸಬೇಕಾಯಿತು. ಕಟ್ಟಿ ಬೆಳೆಸಿದ ಉದ್ಯಮಕ್ಕೆ ನೆಲೆಯೇ ಇಲ್ಲದಂತಾಯಿತು. ಆಗ ಔಂಧ್ ಸಂಸ್ಥಾನದ ಅರಸರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ಬಂಜರು ಭೂಮಿಯನ್ನೂ 10,000 ರೂ. ಸಾಲವನ್ನೂ ಒದಗಿಸಿದರು. 1910ರಲ್ಲಿ ಪಾಪಾಸುಕಳ್ಳಿ ಬೆಳೆದಿದ್ದ ಆ ನೆಲವನ್ನು ಹಸನುಗೊಳಿಸಿ, ಎರಕದ ಮನೆ, ಯಂತ್ರಾಗಾರ ಹಾಗೂ ಕಾರ್ಮಿಕರ ವಸತಿಗಳನ್ನು ನಿರ್ಮಿಸಲಾಯಿತು. ಇಂದಿನ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರ್‌ವಾಡಿಯು ಹೀಗೆ ರೂಪುಗೊಂಡಿತು.

ಮೊದಲನೆಯ ಮಹಾಯುದ್ಧದ ಅವಧಿಯಲ್ಲಿ ಆಮದು ಕಬ್ಬಿಣವು ದುರ್ಲಭವಾಯಿತು. ಕಬ್ಬಿಣವಿಲ್ಲದೆ ಎರಕದ ಕುಲುಮೆ ನಡೆಯದು. ಆ ಸಂದರ್ಭದಲ್ಲಿ ಕೊಲ್ಲಾಪುರ ಸಂಸ್ಥಾನದ ಶಾಹು ಮಹಾರಾಜರು ಹಳೆಯ ಫಿರಂಗಿಗಳನ್ನು ನೀಡಿದರು. ಅವುಗಳನ್ನು ಕರಗಿಸಿ ನೇಗಿಲಿನ ಭಾಗಗಳನ್ನು ಎರಕ ಹೊಯ್ಯಲಾಯಿತು.

ಮುಂದೆ ಪಂಪುಗಳ ತಯಾರಿಕೆಯೂ ಆರಂಭವಾಯಿತು. ಅಮೆರಿಕದಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿದ ಪುತ್ರ ಶಂತನುರಾವ್ ಅವರು ಉದ್ಯಮವನ್ನು ಸೇರಿದರು. ಮೈಸೂರು ಸಂಸ್ಥಾನದ ಹರಿಹರದಲ್ಲಿ 1941ರಲ್ಲಿ ಲೇಥ್ ಮುಂತಾದ ಯಂತ್ರೋಪಕರಣಗಳ ತಯಾರಿಕೆಗಾಗಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯು ಸ್ಥಾಪನೆಯಾಯಿತು. ಅನೇಕ ದಶಕಗಳ ಕಾಲ ಹರಿಹರದ ಜನರಿಗೆ ಉದ್ಯೋಗ ನೀಡಿದ ಆ ಕಾರ್ಖಾನೆಯು ತರುವಾಯ ಮುಚ್ಚಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸಂಸ್ಥೆಯು ಆರಂಭವಾಯಿತು.

ಲಕ್ಷ್ಮಣರಾವ್ ಅವರು 1956ರ ಸೆಪ್ಟೆಂಬರ್ 26ರಂದು ನಿಧನರಾದರು. ಅವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಭಾರತ ಸರ್ಕಾರವು ಅಂಚೆಚೀಟಿಯನ್ನು ಹೊರತಂದು ಗೌರವ ಸಲ್ಲಿಸಿತು.

ಕೈಗಾರಿಕೆಯನ್ನು ಆರಂಭಿಸಲು ಬಯಸಿ ನಿವೇಶನ ಹಾಗೂ ಸಾಲ ಸೌಲಭ್ಯಕ್ಕೆ ಅರ್ಜಿ ಸಲ್ಲಿಸುವ ನಾಗರಿಕರಿಗೆ ಈ ಜೀವನವು ಪರಿಚಿತವೆನಿಸುವುದು ಸಹಜ. ಸಕಾಲದಲ್ಲಿ ದೊರೆತ ಭೂಮಿ ಮತ್ತು ಬಂಡವಾಳದಿಂದಲೇ, ನೆಲೆ ಕಳೆದುಕೊಂಡಿದ್ದ ಒಂದು ಕುಟುಂಬದ ಕಾರ್ಖಾನೆಯು ಉಳಿದು ಬೆಳೆಯಿತು.